ಜೇಡದ ಪಾರ್ಟಿ, ಟುವ್ವಿ ಪಾರ್ಟಿ

ಮೊನ್ನೆ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರಿಗೆ ಬೀಳ್ಕೊಡುಗೆ ಆಯಿತು. ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ಭಾಷಣಗಳು ಶುರುವಾದವು. ಮಾತಾಡಿದವರೆಲ್ಲ ಒಂದೇ ಸಮ ‘ಶಿಸ್ತಿನ ಸಿಪಾಯಿ’, ‘ಸಮಯಪಾಲನೆಗೆ ಇನ್ನೊಂದು ಹೆಸರು’ ಅಂತ ಹೊಗಳಿದ್ದೇ ಹೊಗಳಿದ್ದು. ನನಗೆ ಕೂತಲ್ಲೇ ಮೈ ಉರಿಯಿತು. ಸಮಯಪಾಲನೆಯಂತೆ! ಗೆಜ್ಜಲಗೆರೆಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದ ಆ ಮನುಷ್ಯ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಶಾಲೆ ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ. ದಾರಿಯಲ್ಲಿ ಯಾವುದೋ ಬೇಲಿಯ ಪಕ್ಕ ಗಾಡಿ ನಿಲ್ಲಿಸಿಕೊಂಡು ನಿಂತುಬಿಟ್ಟಿರುತ್ತಿದ್ದರು. ಕೇಳಿದರೆ, “ಒಂದ್ ಜೇಡ ಮಿಡತೇಗೆ ದಾರ ಸುತ್ತಿ ಕಟ್ತಾ ಇತ್ತು ಮೇಡಮ್ನೋರೆ, ಅರ್ಧಕ್ಕೆ ಬುಟ್ಬುಟ್ಟು ಎಂಗ್ ಬರಾದು?” ಎಂದು ತಪ್ಪು ನಮ್ಮದೇ ಎಂಬಂತೆ ನೋಡುತ್ತಿದ್ದರು.

ನನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತೆ. ಜೀವಮಾನವೆಲ್ಲ ಕನ್ನಡ ಪಾಠ ಮಾಡಿದವಳಿಗೆ ಕನ್ನಡದ ನಾಲ್ಕು ಮಾತು ಹೊರಡದೆ ಹೋಯಿತು. ‘ಒಳ್ಳೆಯವರು’ ಅಂದೆ, ಇಳಿದು ಬಂದೆ. ಅವತ್ತು ಹೇಳಬೇಕಾಗಿದ್ದನ್ನು ಈಗ ಹೇಳಿಬಿಡುತ್ತೇನೆ.

ಮಳವಳ್ಳಿಯಿಂದ ಮದ್ದೂರಿನ ಕಡೆಗೆ ಬರುವ ದಾರಿಯಲ್ಲಿ, ಕಬ್ಬಿಗೂ ಗದ್ದೆಗೂ ನಡುವೆ ನಮ್ಮ ಸರ್ಕಾರಿ ಪ್ರೌಢಶಾಲೆ. ಆಟಕ್ಕೂ ನನಗೂ ಎಣ್ಣೆ ಸೀಗೆಕಾಯಿ. ಆದರೆ ಹೆಣ್ಣುಮಕ್ಕಳ ಕಬಡ್ಡಿ ತಂಡ ಹೊರಗೆ ಹೋದರೆ ಜೊತೆಗೊಬ್ಬ ಶಿಕ್ಷಕಿ ಇರಬೇಕು. ಉಳಿದವರಿಗೆಲ್ಲ ವರ್ಷವರ್ಷವೂ ಒಂದೊಂದು ನೆಪ ಸಿಗುತ್ತಿತ್ತು. ಒಬ್ಬರಿಗೆ ಸೊಂಟನೋವು, ಒಬ್ಬರ ಮನೆಯಲ್ಲಿ ಯಾವಾಗಲೂ ನಾಮಕರಣ. ಕೊನೆಗೆ ಕೊಡೆ ಹಿಡಿದು, ನೀರಿನ ಬಾಟಲಿ ಹೊತ್ತು, ಹೋಬಳಿ ತಾಲ್ಲೂಕು ಜಿಲ್ಲೆ ಅಂತ ಬಿಸಿಲಲ್ಲಿ ಬೇಯುವವಳು ನಾನೇ. ಹಾಗಾಗಿ ಮೇಷ್ಟ್ರನ್ನು ನಾನು ಬಲ್ಲಷ್ಟು ಸ್ಟಾಫ್ ರೂಮಿನಲ್ಲಿ ಇನ್ಯಾರೂ ಬಲ್ಲರೆಂದು ನನಗನ್ನಿಸುವುದಿಲ್ಲ.

ನೋಡಲು ಡ್ರಿಲ್ ಮೇಷ್ಟ್ರ ಹಾಗೇ ಇರಲಿಲ್ಲ. ಕುಳ್ಳು, ಸ್ವಲ್ಪ ಹೊಟ್ಟೆ, ಬಿಸಿಲಿಗೆ ಕರಕಲಾದ ಮುಖ. ನಿಲ್ಲುವುದಕ್ಕಿಂತ ಕುಕ್ಕರುಗಾಲಲ್ಲಿ ಕೂರುವುದೇ ಹೆಚ್ಚು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು, ಊದಿದ್ದು ಮಾತ್ರ ಅಪರೂಪ. “ಸೀಟಿ ಊದುದ್ರೆ ಐಕ್ಳು ಸೀಟಿ ಕೇಳ್ತವೆ, ಆಟ ಕೇಳಾಕಿಲ್ಲ” ಅನ್ನುತ್ತಿದ್ದರು. ಹುಡುಗಿಯರನ್ನು ಹೆಸರು ಹಿಡಿದು ಕೂಗಿದ್ದಿಲ್ಲ. ಎಲ್ಲರೂ ‘ಮಗ’, ಕೋಪ ಬಂದರೆ ‘ಲೇ ಮಗ’, ತುಂಬಾ ಕೋಪ ಬಂದರೆ ‘ಬನ್ರವ್ವಾ ತಾಯ್ಗಳೇ’. ಈ ಮೂರನೆಯದು ಕೇಳಿಸಿತೆಂದರೆ ಮೈದಾನದಲ್ಲಿ ಒಂದು ಹುಳವೂ ಮಿಸುಕುತ್ತಿರಲಿಲ್ಲ.

ತಂಡ ಆರಿಸುವ ಅವರ ಕ್ರಮವನ್ನು ಹೇಳಲೇಬೇಕು. ಬೇರೆ ಶಾಲೆಯವರು ಓಡಿಸುತ್ತಾರೆ, ಎಗರಿಸುತ್ತಾರೆ, ತೂಕ ನೋಡುತ್ತಾರೆ. ಇವರು ಮಾತ್ರ ಒಂದೆರಡು ಮಳೆ ಬಿದ್ದು ಶಾಲೆಯ ಹಿಂದಿನ ಬೇಲಿ ಹಸುರಾಗುವ ತನಕ ಕಾಯುತ್ತಿದ್ದರು. ಆ ಬೇಲಿಯಲ್ಲಿ ಹಳದಿ ಪಟ್ಟೆಯ ದೊಡ್ಡ ಜೇಡಗಳು ಬಲೆ ಹಾಕುತ್ತವೆ. ಬಲೆಯ ನಡುವೆ ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ತಲೆ ಕೆಳಗಾಗಿ, ಗುಣಾಕಾರದ ಗುರುತಿನ ಹಾಗೆ ಕೂತಿರುತ್ತವೆ. ಪುಸ್ತಕದಲ್ಲಿ ಅದಕ್ಕೆ ಸಹಿ ಜೇಡ ಅನ್ನುತ್ತಾರಂತೆ. ನಮ್ಮ ಹುಡುಗಿಯರಿಗೆ ಅದು ‘ಇಂಟು ಮಾರ್ಕ್ ಜೇಡ’. ಪಕ್ಕದ ಅತ್ತಿ ಗಿಡದಲ್ಲಿ ಟುವ್ವಿಯ ಸಂಸಾರ. ಎಲೆಗಳನ್ನು ಹೊಲಿದು ಗೂಡು ಮಾಡುವ, ಹೆಬ್ಬೆರಳಿನಷ್ಟು ಮೈಯ, ಬಾಲ ನಿಗುರಿಸಿಕೊಂಡು ಜಿಗಿದಾಡುವ ಹಕ್ಕಿ. ಟುವ್ವಿ ಟುವ್ವಿ ಟುವ್ವಿ ಅಂತ ಬಾಯಿಬಿಟ್ಟರೆ ಒಳಗೆ ನನ್ನ ವ್ಯಾಕರಣ ಪಾಠ ಕೇಳಿಸುತ್ತಿರಲಿಲ್ಲ.

ಹೊಸ ಹುಡುಗಿಯರನ್ನು ಆ ಬೇಲಿಯ ಮುಂದೆ ಕೂರಿಸಿ, “ಸುಮ್ಕೆ ನೋಡ್ತಾ ಕುಂತ್ಕಳಿ, ಬತ್ತೀನಿ” ಎಂದು ಹೇಳಿ ಮೇಷ್ಟ್ರು ಟೀ ಕುಡಿಯಲು ಹೋಗುತ್ತಿದ್ದರು. ಬರುವಷ್ಟರಲ್ಲಿ ಅರ್ಧ ಜನ ಬೇಸರ ಬಂದು ಎದ್ದು, ಹಕ್ಕಿಯ ಹಿಂದೆ ಗಿಡಗಿಡ ಸುತ್ತುತ್ತಾ ಅದರಂತೆಯೇ ಕೂಗುತ್ತಿರುತ್ತಿದ್ದರು. ಉಳಿದರ್ಧ ಜನ ಜೇಡದ ಮುಂದೆ ರೆಪ್ಪೆ ಹೊಡೆಯದೆ ಕೂತಿರುತ್ತಿದ್ದರು. ಅಲ್ಲಿಗೆ ಆಯ್ಕೆ ಮುಗಿಯಿತು. ಓಡಿದವರು ಟುವ್ವಿ ಪಾರ್ಟಿ, ಎದುರಾಳಿಗಳ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವರು. ಕೂತವರು ಜೇಡದ ಪಾರ್ಟಿ, ನುಗ್ಗಿ ಬಂದವರನ್ನು ಹಿಡಿಯುವವರು.

“ಇದೇನ್ ಮೇಷ್ಟ್ರೇ, ಕಬಡ್ಡಿ ಕಲಿಸ್ತೀರೋ ಜೀವಶಾಸ್ತ್ರ ಕಲಿಸ್ತೀರೋ?” ಎಂದು ಒಮ್ಮೆ ರೇಗಿದೆ.

“ಎರಡೂ ಒಂದೇಯ ಮೇಡಮ್ನೋರೆ. ನೋಡಿ ಇಲ್ಲಿ. ಇವ್ಳಿಗೆ ಕಣ್ಣು ಎಂಟವೆ, ಆದ್ರೂ ಕಾಣಾದು ಅಷ್ಟಕ್ಕಷ್ಟೇ. ಎಲ್ಲಾ ಕಾಲಲ್ಲೇ ತಿಳ್ಕತಳೆ. ದಾರ ಅಳ್ಳಾಡುದ್ರೆ ಗಾಳಿಯಾ, ಎಲೆಯಾ, ಮಿಡತೆಯಾ ಅಂತ ಕಾಲೇ ಏಳ್ತದೆ. ಅಲ್ಲೀಗಂಟ ಮಿಸುಕಾಕಿಲ್ಲ. ಆ ಟುವ್ವಿ ಅವ್ಳಲ್ಲ, ಅವ್ಳು ಕುಂತ್ರೆ ಸತ್ತಂಗೆ. ಅಲ್ಲಿ ಒಂದ್ ಕುಕ್ಕು, ಇಲ್ಲಿ ಒಂದ್ ಕುಕ್ಕು, ಬಾಯಿ ಮಾತ್ರ ನಿಲ್ಸಾಕಿಲ್ಲ. ಕಬಡ್ಡಿ ಕಬಡ್ಡಿ ಅನ್ಕಂಡು ಓಗಿ ಮುಟ್ಬುಟ್ಟು ಬರಾಳು ಇನ್ನೇನ್ ಮಾಡ್ಬೇಕು ಏಳಿ?”

ಅಂದಿನಿಂದ ನಾನೂ ಪಾಠದ ಬಿಡುವಿನಲ್ಲಿ ಕಿಟಕಿಯಿಂದ ಆ ಬೇಲಿಯನ್ನು ನೋಡಲು ಶುರುಮಾಡಿದೆ. ಯಾರಿಗೂ ಹೇಳಲಿಲ್ಲ.

ಎರಡು ಪಾರ್ಟಿಗಳಿಗೂ ಬಿಸಿಯೂಟದ ಹೊತ್ತಿನಲ್ಲಿ ನಿತ್ಯ ಜಗಳ, ಯಾರು ಹೆಚ್ಚು ಅಂತ. “ನಮ್ ಜೇಡ ದಿನಾ ಬಲೆ ಕಿತ್ತಾಕಿ ಒಸಾದು ಕಟ್ತದೆ, ನಿಮ್ ಟುವ್ವಿ ಕಟ್ತದಾ?” “ನಿಮ್ ಜೇಡದ ದಾರನೇ ಕದ್ಕಂಡೋಗಿ ನಮ್ ಟುವ್ವಿ ಗೂಡ್ ಹೊಲೀತದೆ ಕಣೇ, ಏನ್ ಕಿಸುದ್ಲು ನಿಮ್ ಜೇಡ?” ಇದು ನಿಜ. ಎಲೆಯ ಅಂಚಿಗೆ ಕೊಕ್ಕಿನಿಂದ ತೂತು ಮಾಡಿ ಆ ಹಕ್ಕಿ ಪೋಣಿಸುವುದು ಹತ್ತಿಯ ಎಳೆ, ಇಲ್ಲದಿದ್ದರೆ ಜೇಡರ ಬಲೆಯ ಎಳೆ. ತೀರ್ಪು ಕೇಳಲು ಬಂದರೆ ಮೇಷ್ಟ್ರು ಸಾರಿನ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. “ಬಲೆ ಕಟ್ಟೋಳೂ ಎಣ್ಣೇಯ, ಗೂಡ್ ಹೊಲಿಯೋಳೂ ಎಣ್ಣೇಯ. ಉಣ್ರಿ ಸುಮ್ಕೆ.”

ಒಂದು ಸಲ ವಿಜ್ಞಾನದ ಮೇಡಂ ಕೇಳಿಸಿಕೊಂಡು, ಹೊಲಿಯುವುದು ಹೆಣ್ಣು ಹಕ್ಕಿಯಾದರೂ ಗಂಟಲು ಹರಿದುಕೊಂಡು ಕೂಗುವುದು ಹೆಚ್ಚಾಗಿ ಗಂಡು ಎಂದುಬಿಟ್ಟರು. ಟುವ್ವಿ ಪಾರ್ಟಿಯ ಮುಖಂಡಳು ಸಿಂಚನ, ಒಣಕಲು ಕಡ್ಡಿ, ಬಾಯಿ ಮಾತ್ರ ಊರಗಲ. ಅವಳಿಗೆ ಇದು ಅವಮಾನವಾಗಿಬಿಟ್ಟಿತು. ತಟ್ಟೆ ಕೆಳಗಿಟ್ಟು ಎದ್ದಳು. “ಅಂಗಾರೆ ನಾನು ಕೂಗಾದೂ ಕೂಗ್ತೀನಿ, ಹೊಲಿಯಾದೂ ಹೊಲೀತೀನಿ. ಆ ಗಂಡ್ ಟುವ್ವಿ ಮನೇಲಿ ಬಿದ್ದಿರ್ಲಿ” ಅಂದಳು. ಮೇಷ್ಟ್ರು ನಕ್ಕ ನಗುವಿಗೆ ಅನ್ನ ನೆತ್ತಿಗೇರಿ ನಾವು ನೀರು ಕುಡಿಸಬೇಕಾಯಿತು.

ಜೇಡದ ಪಾರ್ಟಿಯಲ್ಲಿ ಪವಿತ್ರ ಎಂಬ ಹುಡುಗಿ. ಗಟ್ಟಿ ಮೈ, ಮಾತು ಕಡಿಮೆ. ಅವಳಪ್ಪ ಆಡಲು ಕಳಿಸುವುದಿಲ್ಲ ಎಂದು ಹಟ ಹಿಡಿದ. ಮೇಷ್ಟ್ರು ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದರು.

“ಎಣ್ಣೈಕ್ಳು ಚಡ್ಡಿ ಆಕ್ಕಂಡು ಮಣ್ಣಲ್ಲಿ ಉಳ್ಳಾಡಾದಾ ಮೇಷ್ಟ್ರೇ? ನಾಳೆ ಯಾರ್ ಕಟ್ಕತಾರೆ?” ಎಂದ ಆ ಅಪ್ಪ.

“ಅಲ್ಲ ಕಣಪ್ಪ, ನಾಟಿ ಕಾಲ್ದಲ್ಲಿ ನಿಮ್ಮವ್ವ ಮಂಡಿಗಂಟ ಸೀರೆ ಕಟ್ಕಂಡು ಕೆಸ್ರಲ್ಲಿ ನಿಂತ್ಕಳಾಕಿಲ್ವಾ? ಆಗ ಯಾರ್ ಏನ್ ಅಂದ್ರು?”

ಅಪ್ಪ ಬಾಯಿ ಬಿಡುವುದರೊಳಗೆ ಒಳಗಿನಿಂದ ಅವನ ತಾಯಿ, “ಸರ್ಯಾಗ್ ಏಳುದ್ರಿ ಬುಡಿ ಮೇಷ್ಟ್ರೇ, ಓಗ್ಲಿ ಮಗ” ಎಂದರು. ಮಾತು ಅಲ್ಲಿಗೆ ಮುಗಿಯಿತು. ಅವರ ಮನೆಯ ಕಾಫಿ ಮಾತ್ರ ಬಹಳ ಸಿಹಿ.

ಇಷ್ಟೆಲ್ಲ ಆದರೂ ಗೆದ್ದರೇ ಎಂದರೆ, ಇಲ್ಲ. ಹೋಬಳಿ ಗೆಲ್ಲುತ್ತಿದ್ದೆವು, ಕೆಲವು ವರ್ಷ ತಾಲ್ಲೂಕೂ ಗೆಲ್ಲುತ್ತಿದ್ದೆವು. ಜಿಲ್ಲೆಗೆ ಹೋದರೆ ಒಂದು ಹಾಸ್ಟೆಲ್ ಶಾಲೆಯ ತಂಡ ನಮ್ಮನ್ನು ಒರೆಸಿ ಹಾಕುತ್ತಿತ್ತು. ಅವರಿಗೆ ಮ್ಯಾಟು, ಮೊಟ್ಟೆ, ಇಬ್ಬರು ಕೋಚು. ನಮಗೆ ಕಸ ಗುಡಿಸಿದ ಮಣ್ಣಿನ ಅಂಕಣ ಮತ್ತು ಬೇಲಿ. ಸೋತು ಹೊರಬಂದಾಗ ಬೇರೆ ಶಾಲೆಯ ಮೇಷ್ಟ್ರುಗಳು, “ಏನ್ರೀ, ಈ ಸಲವೂ ಬಲೆ ಹರ್ದೋಯ್ತಾ?” ಎಂದು ಕೇಳುತ್ತಿದ್ದರು. ನಮ್ಮ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಆದರೆ ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದರು. ಕೊಟ್ಟ ಕಡಲೆಕಾಯಿ ಕೈಯಲ್ಲೇ ಇರುತ್ತಿತ್ತು. ನೋಡಿ ನನಗೆ ಸಂಕಟವಾಗುತ್ತಿತ್ತು.

“ಒಂದ್ಸಲ, ಒಂದೇ ಒಂದ್ಸಲ ಆ ಜಿಲ್ಲೆ ಸೀಲ್ಡು ತರ್ಬೇಕು ಮೇಡಮ್ನೋರೆ” ಎಂದರು ಒಮ್ಮೆ. “ನನ್ಗಲ್ಲ, ಈ ಐಕ್ಳುಗೆ.” ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ, “ನನ್ಗಲ್ಲ ಅಂದ್ರೆ ಸುಳ್ಳಾಯ್ತದೆ. ನನ್ಗೂವೆ” ಎಂದರು.

ಮೇಷ್ಟ್ರ ನೌಕರಿಯ ಕೊನೆಯ ವರ್ಷ ಬಂತು. ಈ ಸಲ ಇಲ್ಲದಿದ್ದರೆ ಇನ್ನಿಲ್ಲ ಎಂಬುದು ಹುಡುಗಿಯರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಬಾಯಿಬಿಟ್ಟು ಹೇಳಲಿಲ್ಲ, ಬೇಲಿಯ ಮುಂದೆ ಕುಕ್ಕರುಗಾಲಲ್ಲಿ ಕೂರುವುದು ಮಾತ್ರ ಜಾಸ್ತಿಯಾಯಿತು. ಹೋಬಳಿ ಗೆದ್ದೆವು. ಮಳವಳ್ಳಿಯಲ್ಲಿ ತಾಲ್ಲೂಕು ಗೆದ್ದೆವು. ಊರಿಗೆ ಊರೇ ಖುಷಿಪಟ್ಟಿತು. ಆ ಖುಷಿಯಲ್ಲೇ ಎಡವಟ್ಟಾಯಿತು.

ನಮ್ಮ ಹೆಡ್‌ಮಾಸ್ಟರಿಗೆ ಮರ್ಯಾದೆಯ ಚಿಂತೆ ಜಾಸ್ತಿ. “ಜಿಲ್ಲೆಗೆ ಹೋಗೋ ಮಕ್ಕಳು ಬರಿಗಾಲಲ್ಲಿ ಹೋದ್ರೆ ನಮ್ಮ ಊರಿಗೆ ಗೌರವ ಇರುತ್ತಾ?” ಎಂದು ಊರ ಹಿರಿಯರ ಮುಂದೆ ಹೇಳಿದರು. ಮರ್ಯಾದೆ ಅಂದಮೇಲೆ ನಮ್ಮ ಕಡೆಯವರು ಕೇಳಬೇಕೆ? ವಾರದೊಳಗೆ ಎಲ್ಲರಿಗೂ ಬಿಳಿಯ ಕ್ಯಾನ್ವಾಸ್ ಶೂ ಬಂತು. ಬೆಳೆಯುವ ಮಕ್ಕಳೆಂದು ಒಂದೊಂದು ಸೈಜು ದೊಡ್ಡದೇ ತಂದಿದ್ದರು. ಹುಡುಗಿಯರು ಆ ಡಬ್ಬಗಳನ್ನು ಎದೆಗವಚಿಕೊಂಡು ಕುಣಿದರು. ಮೇಷ್ಟ್ರು ಒಂದು ಶೂ ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಏನೋ ಹೇಳಲು ಹೊರಟವರು ಊರವರ ಮುಖ ನೋಡಿ ಸುಮ್ಮನಾದರು. ಆಮೇಲೆ ನೆಲದ ಮೇಲೆ ಕೂತು ಒಬ್ಬೊಬ್ಬಳಿಗೂ ಲೇಸು ಕಟ್ಟುವುದನ್ನು ಹೇಳಿಕೊಟ್ಟರು.

ಮಂಡ್ಯದ ಮೈದಾನದಲ್ಲಿ ಫೈನಲ್ಲು, ಮ್ಯಾಟಿನ ಮೇಲೆ. ಎದುರಿಗೆ ಅದೇ ಹಾಸ್ಟೆಲ್ ಶಾಲೆ. ಹೆಡ್‌ಮಾಸ್ಟರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದರು.

ಮೊದಲರ್ಧ ನೋಡುವ ಹಾಗಿರಲಿಲ್ಲ. ಸಿಂಚನ ಹೋದ ಕಡೆಯೆಲ್ಲ ಜಾರಿದಳು. ಮಣ್ಣಿನಲ್ಲಿ ಹೆಬ್ಬೆರಳು ಊರಿ ತಿರುಗುತ್ತಿದ್ದವಳಿಗೆ ಆ ದೊಡ್ಡ ಶೂನಲ್ಲಿ ಹೆಬ್ಬೆರಳೇ ಸಿಗಲಿಲ್ಲ. ಪವಿತ್ರ ಅದಕ್ಕಿಂತ ಕೆಟ್ಟದಾಗಿ ಆಡಿದಳು. ಅವರ ದೊಡ್ಡ ರೈಡರ್, ಎತ್ತರದ ಹುಡುಗಿ, ನುಗ್ಗಿ ಬಂದಾಗ ಇವಳು ಒಂದು ಕ್ಷಣ ತಡವಾಗಿ ಬೀಳುತ್ತಿದ್ದಳು. ಬಿದ್ದಾಗ ಕೈಗೆ ಗಾಳಿ ಸಿಗುತ್ತಿತ್ತು. ಪಾಯಿಂಟುಗಳು ನೀರಿನಂತೆ ಹರಿದುಹೋದವು. ಪಕ್ಕದ ಸಾಲಿನಿಂದ ಯಾರೋ, “ಬಲೆ ಹರೀತು” ಎಂದು ಕೂಗಿದರು. ಕೊಡೆಯಿಂದ ಅವನ ತಲೆಗೆ ಬಿಡಬೇಕೆನ್ನಿಸಿತು.

ಅರ್ಧ ಸಮಯದಲ್ಲಿ ಹುಡುಗಿಯರು ಅಳುತ್ತಾ ಬಂದು ಕೂತರು. ಮೇಷ್ಟ್ರು ಬೈಯಲಿಲ್ಲ. ಪವಿತ್ರಳ ಮುಂದೆ ಕುಕ್ಕರುಗಾಲಲ್ಲಿ ಕೂತು, “ಏನಾಯ್ತದೆ ಅಂತ ಏಳು ಮಗ” ಎಂದರು.

ಅವಳು ತಲೆ ತಗ್ಗಿಸಿದಳು. “ಕಾಲ್ಗೆ ಏನೂ ಕೇಳುಸ್ತಾನೇ ಇಲ್ಲ ಸಾ.”

ಮೇಷ್ಟ್ರು ಒಂದು ಗಳಿಗೆ ಅವಳ ಬಿಳಿ ಶೂಗಳನ್ನೇ ನೋಡಿದರು. ಆಮೇಲೆ ತಾವೇ ಅವಳ ಲೇಸು ಬಿಚ್ಚತೊಡಗಿದರು. “ಎಲ್ಲಾರೂ ಬಿಚ್ರವ್ವಾ.”

ಹೆಡ್‌ಮಾಸ್ಟರು ಹಾರಿ ಬಂದರು. “ಏನ್ ಮೇಷ್ಟ್ರೇ ಇದು! ಊರವರು ಕೊಟ್ಟ ಶೂ ಜನದ ಮುಂದೆ ಬಿಚ್ಚಿಸ್ತೀರಾ? ನಾಳೆ ಅವರಿಗೆ ಏನಂತ ಮುಖ ತೋರಿಸ್ಲಿ?”

“ಸಾರ್, ಜೇಡದ ಕಾಲ್ಗೆ ಬೂಟ್ ಆಕುದ್ರೆ ನೊಣ ಬಿದ್ದುದ್ದು ಅದ್ಕೆ ಎಂಗ್ ಗೊತ್ತಾಯ್ತದೆ?” ಎಂದರು ಮೇಷ್ಟ್ರು. ದನಿ ಏರಿಸಲಿಲ್ಲ. “ಊರ್ನೋರ್ಗೆ ನಾನ್ ಏಳ್ಕತೀನಿ. ಸೋತ್ರೆ ನನ್ನ ಎಸ್ರು ಏಳ್ಬುಡಿ. ನಂಗೇನು, ನಾಳೆ ಮನೇಗೋಗೋನು.”

ಅಂಪೈರ್ ಬಳಿ ಹೋಗಿ ಕೇಳಿದರು. ಬಿದ್ದು ಪೆಟ್ಟಾದರೆ ನಿಮ್ಮ ಜವಾಬ್ದಾರಿ ಎಂದು ಅವರು ಒಪ್ಪಿದರು. ಶೂಗಳೆಲ್ಲ ನನ್ನ ಕೊಡೆಯ ಪಕ್ಕ ರಾಶಿಯಾದವು.

ಪಾದಕ್ಕೆ ನಿಜವಾಗಿಯೂ ಅಷ್ಟೆಲ್ಲ ತಿಳಿಯುತ್ತದೆಯೇ? ವಿಜ್ಞಾನದ ಮೇಡಂ ಇವತ್ತಿಗೂ ನಗುತ್ತಾರೆ. ನಗಲಿ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಎರಡನೆಯ ಅರ್ಧಕ್ಕೆ ಇಳಿದದ್ದು ಬೇರೆಯೇ ಹುಡುಗಿಯರು. ಸಿಂಚನ ಮೊದಲ ರೈಡಿನಲ್ಲೇ ಕಬಡ್ಡಿ ಕಬಡ್ಡಿ ಅಂತ ಬಾಯಿ ತೆಗೆದಳು ನೋಡಿ, ಆ ಇಡೀ ಮೈದಾನ ಅವಳ ಕಡೆ ತಿರುಗಿತು. ಅಲ್ಲಿ ಒಂದು ಕುಕ್ಕು, ಇಲ್ಲಿ ಒಂದು ಕುಕ್ಕು. ಇಬ್ಬರನ್ನು ಮುಟ್ಟಿಕೊಂಡು ನಡುಗೆರೆ ದಾಟಿ ವಾಪಸ್ ಬಂದೇಬಿಟ್ಟಳು. ಜೇಡದ ಪಾರ್ಟಿ ಕೈಕೈ ಹಿಡಿದು ನಿಂತಿತು, ಮಿಸುಕಲಿಲ್ಲ, ಬಂದವಳನ್ನು ಒಳಕ್ಕೆ ಬಿಟ್ಟುಕೊಂಡು ಸುತ್ತಿ ಕೆಡವಿತು. ಒಂದು, ಇನ್ನೊಂದು, ಮತ್ತೊಂದು. ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ‘ಗಲಾಟೆ ಮಾಡಬೇಡಿ’ ಎಂದೇ ಬದುಕಿದವಳು, “ಇಡ್ಕಳ್ರೇ! ಬುಡಬ್ಯಾಡ್ರೇ!” ಎಂದು ಹುಟ್ಟೂರಿನ ಭಾಷೆಯಲ್ಲಿ ಕಿರುಚುತ್ತಿದ್ದೆ. ಪಕ್ಕದಲ್ಲಿ ಹೆಡ್‌ಮಾಸ್ಟರ ಅಂಗಿಯ ಇಸ್ತ್ರಿ ಎತ್ತಲೋ ಹೋಗಿತ್ತು.

ಪಾಯಿಂಟು ಸಮಸಮ ಆಯಿತು. ಕೊನೆಯ ರೈಡು ಅವರದು. ಆ ಎತ್ತರದ ಹುಡುಗಿಯೇ ಬಂದಳು. ಅವಳು ಒಬ್ಬಳನ್ನು ಮುಟ್ಟಿ ಹೋದರೂ ನಮ್ಮ ಕಥೆ ಮುಗಿಯಿತು. ಮೇಷ್ಟ್ರು ಕೂಗಲಿಲ್ಲ, ಕೈ ಸನ್ನೆ ಮಾಡಲಿಲ್ಲ. ನೆಲಕ್ಕೆ ಕೂತು ಪವಿತ್ರಳ ಪಾದಗಳನ್ನೇ ನೋಡುತ್ತಿದ್ದರು.

ಆ ಹುಡುಗಿ ಎಡಕ್ಕೆ ನುಗ್ಗಿದಂತೆ ಮಾಡಿದಳು. ಪವಿತ್ರ ಅಲುಗಲಿಲ್ಲ. ಬಲಕ್ಕೆ ಕಾಲು ಬೀಸಿದಳು. ಅಲುಗಲಿಲ್ಲ. ಜನ ‘ಹಿಡಿ, ಹಿಡಿ’ ಎಂದು ಬಾಯಿ ಬಡಿದುಕೊಂಡರು. ಮೂರನೆಯ ಸಲ ಆ ಹುಡುಗಿ ನಿಜವಾಗಿ ಭಾರ ಬಿಟ್ಟು ಕಾಲೂರಿದಳು. ಅಷ್ಟೇ. ಪವಿತ್ರ ಎಲ್ಲಿದ್ದಳೋ, ಯಾವಾಗ ಬಿದ್ದಳೋ, ಆ ಕಾಲಿನ ಹರಡು ಅವಳ ಎರಡೂ ಕೈಯೊಳಗಿತ್ತು. ಆದರೆ ಆ ಹುಡುಗಿ ಬಲಶಾಲಿ. ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇವಳನ್ನು ಎಳೆದುಕೊಂಡು ನಡುಗೆರೆಯ ಕಡೆಗೆ ಹೊರಟಳು. ಕೈ ಚಾಚಿದರೆ ಗೆರೆ ಸಿಗುವಷ್ಟು ಹತ್ತಿರ ಬಂದಳು. ಆಗ ಆ ಕಡ್ಡಿ ಸಿಂಚನ, ಹಿಡಿಯುವ ಕೆಲಸಕ್ಕೆ ಬರಲೇಬೇಡ ಎಂದು ಹೇಳಿಸಿಕೊಂಡವಳು, ಎಗರಿ ಹೋಗಿ ಆ ಚಾಚಿದ ಕೈಗೆ ಇಡೀ ಮೈಯನ್ನು ಹೊಲಿದುಬಿಟ್ಟಳು. ಮೂವರೂ ಒಟ್ಟಿಗೆ ಬಿದ್ದರು. ಕಬಡ್ಡಿ, ಕಬಡ್ಡಿ, ಕಬ... ಉಸಿರು ನಿಂತಿತು.

ಅಂಪೈರ್ ಕೈ ನಮ್ಮ ಕಡೆಗೆ ಎದ್ದಿತು.

ಗೆದ್ದೆವು! ನಾನು ಚಪ್ಪಲಿ ಸಮೇತ ಮ್ಯಾಟಿನ ಮೇಲೆ ಓಡಿದೆ, ಬೈಸಿಕೊಂಡೆ, ಲೆಕ್ಕಿಸಲಿಲ್ಲ. ಹೆಡ್‌ಮಾಸ್ಟರು ಮೇಷ್ಟ್ರನ್ನು ತಬ್ಬಿಕೊಂಡು ಅತ್ತರು. ಮುಂದೆ ವಿಭಾಗ ಮಟ್ಟದಲ್ಲಿ ಮೊದಲ ಆಟಕ್ಕೇ ಸೋತೆವು, ಅದು ಬೇರೆ ಮಾತು, ಯಾರಿಗೆ ಬೇಕು? ಅವತ್ತು ಮಂಡ್ಯ ಜಿಲ್ಲೆಯಲ್ಲಿ ನಮ್ಮನ್ನು ಮೀರಿದವರಿರಲಿಲ್ಲ. ಮೇಷ್ಟ್ರು ಮಾತ್ರ ಹುಡುಗಿಯರ ನಡುವೆ ನಿಂತು ಬರೀ ಅವರ ತಲೆ ಸವರುತ್ತಿದ್ದರು. ‘ಬನ್ರವ್ವಾ ತಾಯ್ಗಳೇ’ ಎಂದರು. ಕೋಪವಿಲ್ಲದೆ ಆ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು.

ಹೆಡ್‌ಮಾಸ್ಟರು ತಮ್ಮ ಬೈಕಿನಲ್ಲಿ ಮುಂದೆ ಹೋದರು. ಸಂಜೆ ನಾವು ಮಳವಳ್ಳಿಯ ಸರ್ಕಾರಿ ಬಸ್ಸು ಹತ್ತಿದೆವು. ಗಿಜಿಗಿಜಿ ಜನ. ಹೇಗೋ ಒಂದು ಕಿಟಕಿಯ ಸೀಟು ಸಿಕ್ಕಿತು. ಮೇಷ್ಟ್ರು ಅದರಲ್ಲಿ ಶೀಲ್ಡನ್ನು ಕೂರಿಸಿ, ತಾವು ಪಕ್ಕದಲ್ಲಿ ಕಂಬಿ ಹಿಡಿದು ನಿಂತರು. “ಯಾರ್ರೀ ಅದು, ಜನ ನಿಂತಿರ್ಬೇಕಾರೆ ಸೀಟಲ್ಲಿ ತಗಡು ಮಡಗಿರಾದು?” ಎಂದು ಒಬ್ಬರು ರೇಗಿದರು. ನಮ್ಮ ಹುಡುಗಿಯರು ಒಟ್ಟಿಗೆ ತಿರುಗಿ ನೋಡಿದ ನೋಟಕ್ಕೆ ಅವರು ಮುಂದಕ್ಕೆ ಸರಿದರು.

ಕಂಡಕ್ಟರ್ ಬಂದ. ಹೆಂಗಸರಿಗೆಲ್ಲ ಬಸ್ಸು ಫ್ರೀ, ನನಗೂ ಹುಡುಗಿಯರಿಗೂ ಸೊನ್ನೆ ಟಿಕೆಟ್ ಹರಿದುಕೊಟ್ಟ. ಮೇಷ್ಟ್ರು ದುಡ್ಡು ತೆಗೆದು, “ಎರಡು ಮಳವಳ್ಳಿ” ಎಂದರು.

“ನೀವ್ ಒಬ್ರೇ ಅಲ್ವಾ ಮೇಷ್ಟ್ರೇ ಗಂಡಸ್ರು?”

“ನಂದೊಂದು. ಇದ್ಕೊಂದು” ಎಂದು ಶೀಲ್ಡು ತೋರಿಸಿದರು.

ಕಂಡಕ್ಟರ್ ಬಗ್ಗಿ ಶೀಲ್ಡಿನ ಮೇಲೆ ಬರೆದದ್ದನ್ನು ಓದಿದ. ಆಮೇಲೆ ಹುಡುಗಿಯರನ್ನು ನೋಡಿದ. ಅವರ ಮೊಣಕೈ ತರಚಿತ್ತು, ಕೊರಳಲ್ಲಿ ಶೂಗಳು ಲೇಸಿನಿಂದ ನೇತಾಡುತ್ತಿದ್ದವು. ಅವನ ಮುಖ ಅರಳಿತು. “ಎಣ್ಮಕ್ಳು ಗೆದ್ದಿರಾ ಸೀಲ್ಡಾ? ಅಂಗಾರೆ ಇದ್ಕೂ ಫ್ರೀ ಕಣ್ ಬುಡಿ ಮೇಷ್ಟ್ರೇ.”

“ಬ್ಯಾಡ ಕಣಪ್ಪ” ಎಂದರು ಮೇಷ್ಟ್ರು. ಅವರ ಮುಖ ನಗುತ್ತಿತ್ತು. “ಇಷ್ಟ್ ವರ್ಸ ಬರೀ ಕೈಯಲ್ಲಿ ಈ ಬಸ್ಸಲ್ಲಿ ಓಗಿವ್ನಿ. ಇವತ್ತು ಫುಲ್ ಟಿಕೆಟ್ಟೇ ಅರಿ.”